ಹೆಸರು ಕೂಗುವ ಮುಂಚೆ ಕೇಳಿ

ಹೋದ ಸಂಚಿಕೆಯಲ್ಲಿ ಆಸ್ಪತ್ರೆ ಸಿಬ್ಬಂದಿಯ ತರಬೇತಿ ಬಗ್ಗೆ ಬರೆದಿದ್ದೆ. ಅದರಲ್ಲಿ ಲೈಂಗಿಕ ಅಲ್ಪಸಂಖ್ಯಾತ (ಸಲಿಂಗ ಪ್ರೇಮಿಗಳು, ಟ್ರಾನ್ಸ್ ಜನರು) ರೋಗಿಗಳ ವಿಷಯ ಎರಡೇ ಸಾಲಿನಲ್ಲಿ ಬಂದು ಹೋಗಿತ್ತು. ನೋಡಿದರೆ ಆ ಎರಡು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ನರ್ಸುಗಳು, ಲ್ಯಾಬಿನವರು, ಒಬ್ಬ ಆಡಳಿತಾಧಿಕಾರಿ, ರೋಗಿಗಳು, ಜೊತೆಗೆ ಸಿಟ್ಟಾದ ಒಬ್ಬ ಹಿರಿಯರು. ಎಲ್ಲರೂ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ವಾರ್ಡಿನಲ್ಲಿ ದುಡಿದು ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುವವಳು ನಾನು. ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಜ್ವರ ಅಂತ ಒಬ್ಬ ಟ್ರಾನ್ಸ್ ಮಹಿಳೆ ಬಂದರು. ಸೀರೆ ಉಟ್ಟಿದ್ದರು, ಆಧಾರ್‌ನಲ್ಲಿ ಮಾತ್ರ ಗಂಡಸಿನ ಹೆಸರು. ಕೌಂಟರಿನ ಹುಡುಗ ಆ ಹೆಸರನ್ನೇ ಜೋರಾಗಿ ಕೂಗಿದ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಅವರು ಡಾಕ್ಟರಿಗೆ ತೋರಿಸದೆ ಎದ್ದು ಹೋದರು. ಅಡ್ಮಿಟ್ ಮಾಡಬೇಕಾಗಿ ಬಂದಿದ್ದರೆ ಯಾವ ವಾರ್ಡಿಗೆ ಹಾಕಬೇಕಿತ್ತು? ಪಕ್ಕದ ಬೆಡ್ಡಿನವರು ಗಲಾಟೆ ಮಾಡಿದರೆ ಏನು ಹೇಳಲಿ? (ರಾಜಾಜಿನಗರ)

ಉತ್ತರ: ಸಿಸ್ಟರ್, ಮೊದಲು ಆ ಜ್ವರದ ಬಗ್ಗೆ ಯೋಚಿಸಿ. ಮಳೆಗಾಲದ ಬೆಂಗಳೂರು, ಅದು ಡೆಂಗಿಯೇ ಆಗಿರಬಹುದಿತ್ತು. ಪ್ಲೇಟ್‌ಲೆಟ್ ನೋಡಬೇಕಾದವರು ಮನೆಗೆ ಹೋಗಿ ಮಾತ್ರೆ ನುಂಗಿ ಮಲಗಿರುತ್ತಾರೆ. ಇನ್ನೊಂದು ಸಲ ಆಸ್ಪತ್ರೆಗೆ ಬರುವುದು ತೀರಾ ಕೈ ಮೀರಿದ ಮೇಲೆಯೇ. ಆಮೇಲೆ ನಾವೇ "ಈ ಜನ ಯಾವಾಗಲೂ ಲೇಟಾಗಿ ಬರುತ್ತಾರೆ" ಅಂತ ಕೇಸ್ ಶೀಟಿನಲ್ಲಿ ಬರೆಯುತ್ತೇವೆ.

ಕೌಂಟರಿನ ಕೆಲಸ ಕಷ್ಟದ್ದೇನಲ್ಲ. ಬಿಲ್ಲಿಗೆ, ಇನ್ಶೂರೆನ್ಸಿಗೆ ಆಧಾರ್ ಹೆಸರು ಬೇಕಾಗುತ್ತದೆ, ಅದು ಕಂಪ್ಯೂಟರಿನಲ್ಲಿ ಇರಲಿ. ಆದರೆ ಚೀಟಿ ಬರೆಯುವಾಗ "ಏನಂತ ಕರೆಯಲಿ?" ಅಂತ ಮೆಲ್ಲಗೆ ಕೇಳಿ, ಆ ಹೆಸರನ್ನು ಚೀಟಿಯ ಮೇಲೆ ಬರೆಯಿರಿ. ಕೂಗುವುದು ಆ ಹೆಸರನ್ನೇ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ಟೋಕನ್ ನಂಬರ್ ಕೂಗಿ, ಎಲ್ಲರಿಗೂ ನಂಬರೇ ಕೂಗಿ, ಆಗ ಯಾರಿಗೂ ತೊಂದರೆ ಇಲ್ಲ. ಏಡ್ಸ್ ರೋಗಿಗೂ, ಗರ್ಭಪಾತಕ್ಕೆ ಬಂದ ಹುಡುಗಿಗೂ ಅದರಿಂದ ಒಳ್ಳೆಯದೇ. ಹೆಸರಿನ ಹಿಂದೆ ಏನು ಸೇರಿಸಬೇಕು ಅಂತ ಒದ್ದಾಡುವವರಿಗೆ: ಅಕ್ಕ, ಅಮ್ಮ, ಮೇಡಮ್, ಅವರು ಹೇಗೆ ಕಾಣಿಸಿಕೊಳ್ಳುತ್ತಾರೋ ಹಾಗೆ. ಗೊತ್ತಾಗಲಿಲ್ಲವಾ, ಸುಮ್ನೆ "ಬನ್ನಿ, ಕೂತ್ಕೊಳ್ಳಿ" ಅನ್ನಿ. "ಅವರು" ಅಂದರೆ ಗಂಡು ಹೆಣ್ಣು ಎರಡಕ್ಕೂ ನಡೆಯುತ್ತದೆ.

ವಾರ್ಡಿನ ವಿಷಯಕ್ಕೂ ಅದೇ ಉತ್ತರ, ಅವರನ್ನೇ ಕೇಳಿ. ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಗೇ ಇದೆ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನ ತೀರ್ಪಿನಲ್ಲಿ ಹೇಳಿತು. ಆಸ್ಪತ್ರೆಗಳಲ್ಲಿ ಇವರಿಗೆ ಸರಿಯಾದ ಚಿಕಿತ್ಸೆಯ ವ್ಯವಸ್ಥೆ ಮಾಡಿ ಅಂತ ಸರ್ಕಾರಗಳಿಗೂ ಹೇಳಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯ್ದೆಯೂ ಚಿಕಿತ್ಸೆ ನಿರಾಕರಿಸುವುದನ್ನು, ಚಿಕಿತ್ಸೆಯಲ್ಲಿ ಭೇದ ಮಾಡುವುದನ್ನು ನಿಷೇಧಿಸಿದೆ. ಟ್ರಾನ್ಸ್ ಮಹಿಳೆಯರಲ್ಲಿ ಹೆಚ್ಚಿನವರು ಹೆಂಗಸರ ವಾರ್ಡನ್ನೇ ಕೇಳುತ್ತಾರೆ. ಕೆಲವರು ಸೈಡ್ ರೂಮ್ ಇದ್ದರೆ ಕೊಡಿ ಅನ್ನುತ್ತಾರೆ. ಅವರು ಕೇಳಿ ಕೊಟ್ಟರೆ ಅದು ಅನುಕೂಲ. ಕೇಳದೆ ನೀವೇ ತಳ್ಳಿ, ಊಟದ ಟ್ರಾಲಿಯೂ ಹೋಗದ ಮೂಲೆಯಲ್ಲಿ ಹಾಕಿದರೆ ಶಿಕ್ಷೆ.

ಪಕ್ಕದ ಬೆಡ್ಡಿನವರಿಗೆ ಹೇಳಬೇಕಾದ್ದು ಇಷ್ಟು: "ಅವರೂ ನಿಮ್ಮ ಹಾಗೆ ಪೇಷಂಟ್ ಅಮ್ಮಾ. ಸ್ಕ್ರೀನ್ ಎಳೆದಿದ್ದೀನಿ. ಏನಾದ್ರೂ ತೊಂದ್ರೆ ಆದ್ರೆ ನನ್ನ ಕರೀರಿ." ಇದಕ್ಕಿಂತ ಜಾಸ್ತಿ ವಿವರಿಸಲು ಹೋಗಬೇಡಿ. ಅವರ ದೇಹದಲ್ಲಿ ಏನಿದೆ ಏನಿಲ್ಲ ಅನ್ನುವುದು ಪಕ್ಕದ ಬೆಡ್ಡಿನ ಅಟೆಂಡರಿಗೆ ಬೇಕಾದ ಮಾಹಿತಿಯೇ ಅಲ್ಲ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನೀಷಿಯನ್. ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈ ರೋಗಿಗಳಲ್ಲಿ ಎಚ್‌ಐವಿ ಜಾಸ್ತಿ ಅಂತ ನಮಗೇ ಪಾಠದಲ್ಲಿ ಹೇಳಿದ್ದಾರೆ. ಫೈಲಿನ ಮೇಲೆ ಒಂದು ಗುರುತು ಹಾಕಿ, ಎರಡು ಗ್ಲೌಸ್ ಹಾಕಿಕೊಂಡರೆ ತಪ್ಪೇನು? ನಮಗೂ ಹೆಂಡತಿ ಮಕ್ಕಳಿದ್ದಾರಲ್ವಾ? (ಯಶವಂತಪುರ)

ಉತ್ತರ: ತಪ್ಪು ತಿಳಿಯಲಿಲ್ಲ. ಈ ಭಯವನ್ನು ಬಾಯಿಬಿಟ್ಟು ಹೇಳುವ ಟೆಕ್ನೀಷಿಯನ್ ನನಗೆ ಎಷ್ಟೋ ವಾಸಿ. ಒಳಗೇ ಇಟ್ಟುಕೊಂಡು, ರಕ್ತ ತೆಗೆಯಲು ತೋಳಿಗೆ ಪಟ್ಟಿ ಕಟ್ಟುವಾಗ ಮುಖ ಗಂಟು ಹಾಕಿಕೊಳ್ಳುವವರ ಹತ್ತಿರ ಮಾತಾಡುವುದಾದರೂ ಹೇಗೆ?

ಈಗ ಲೆಕ್ಕ ನೋಡೋಣ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3. ಅಂದರೆ ಸಾವಿರ ಸಲ ಚುಚ್ಚಿದರೆ ಮೂರು ಸಲ. ಹೆಪಟೈಟಿಸ್ ಬಿ ಕಥೆ ಬೇರೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ಶೇ. 6ರಿಂದ 30ರವರೆಗೆ. ನೀವು ಮೂರೂ ಡೋಸ್ ಹಾಕಿಸಿಕೊಂಡಿದ್ದೀರಾ? 0, 1, 6ನೇ ತಿಂಗಳು? ನಾನು ಪಾಠಕ್ಕೆ ಹೋದಲ್ಲೆಲ್ಲ ಈ ಪ್ರಶ್ನೆ ಕೇಳುತ್ತೇನೆ. ಎಚ್‌ಐವಿಗೆ ಹೆದರಿ ಎರಡು ಗ್ಲೌಸ್ ಹಾಕುವವರೇ "ಎರಡನೇದು ಆಯ್ತು ಮೇಡಮ್, ಮೂರನೇದು ಮರೆತುಹೋಯ್ತು" ಅನ್ನುತ್ತಾರೆ. ಹೆಂಡತಿ ಮಕ್ಕಳ ಚಿಂತೆ ನಿಜವಾಗಿದ್ದರೆ ಈ ವಾರವೇ ಹೋಗಿ ಆ ಡೋಸ್ ಹಾಕಿಸಿಕೊಳ್ಳಿ.

ಇನ್ನು ಗುರುತಿನ ವಿಷಯ. ನಿಮ್ಮ ಬೆಂಚಿಗೆ ದಿನಾ ಬರುವ ಟ್ಯೂಬುಗಳಲ್ಲಿ ಯಾರಿಗೆ ಏನಿದೆ ಅಂತ ನೋಡಿ ಹೇಳಲು ಸಾಧ್ಯವಾ? ಮದುವೆ ಆಗಿ ಇಬ್ಬರು ಮಕ್ಕಳಿರುವ, ಹಣೆಗೆ ವಿಭೂತಿ ಹಚ್ಚಿದ ಯಜಮಾನರಿಗೂ ಇರಬಹುದು, ಅವರಿಗೇ ಗೊತ್ತಿಲ್ಲದೆ ಇರಬಹುದು. ಗುರುತು ಹಾಕುವ ಅಭ್ಯಾಸ ಇರುವ ಕಡೆ ಗುರುತಿಲ್ಲದ ಸ್ಯಾಂಪಲ್ ಬಂದರೆ ಕೈ ಸಡಿಲವಾಗುತ್ತದೆ, ಅಪಾಯ ಇರುವುದು ಅಲ್ಲಿ. ಅದಕ್ಕೇ ಪ್ರತಿ ಸ್ಯಾಂಪಲ್ಲನ್ನೂ ಸೋಂಕಿದೆ ಅಂದುಕೊಂಡೇ ಮುಟ್ಟಬೇಕು ಎಂಬ ನಿಯಮ ಮಾಡಿದ್ದು. ಎಲ್ಲರಿಗೂ ಗ್ಲೌಸ್, ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು, ಬಳಸಿದ ತಕ್ಷಣ ಸೂಜಿ ಡಬ್ಬಿಗೆ. ಅಷ್ಟು ಮಾಡಿದರೆ ಸಾಕು. ಒಬ್ಬರಿಗೆ ಮಾತ್ರ ಎರಡು ಗ್ಲೌಸ್ ಹಾಕಿದರೆ ಆ ಮನುಷ್ಯನಿಗೆ ಅರ್ಥವಾಗುತ್ತದೆ, ಸಾಲಿನಲ್ಲಿ ಹಿಂದೆ ನಿಂತವರಿಗೂ ಅರ್ಥವಾಗುತ್ತದೆ.

ಚುಚ್ಚಿಯೇ ಬಿಟ್ಟರೆ? ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಹಾಕಬೇಡಿ. ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ. ತಡೆ ಮಾತ್ರೆಗಳಿವೆ, ಪಿಇಪಿ ಅನ್ನುತ್ತಾರೆ. ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ನುಂಗಬೇಕು. ಎಚ್‌ಐವಿ ಇದ್ದವರು ಅದನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಬಿಡದೆ ತೆಗೆದುಕೊಂಡು ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಕಮ್ಮಿಯಾಗಿದ್ದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಅದು ಹರಡುವುದಿಲ್ಲ ಎಂಬುದೂ ಸಾಬೀತಾಗಿರುವ ವಿಷಯ.

ಕಾನೂನಿನ ಮಾತೂ ಇದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಪರೀಕ್ಷೆ ಮಾಡಿಸಿದರೇ ಚಿಕಿತ್ಸೆ ಅನ್ನುವ ಹಾಗಿಲ್ಲ, ಫಲಿತಾಂಶವನ್ನು ಫೈಲಿನ ಮುಖದ ಮೇಲೆ ಬರೆದು ಊರಿಗೆಲ್ಲ ತೋರಿಸುವ ಹಾಗೂ ಇಲ್ಲ. ಅದೇ ಕಾಯ್ದೆ ನಿಮ್ಮ ಪರವೂ ಇದೆ, ಅದನ್ನು ಯಾರೂ ಹೇಳುವುದೇ ಇಲ್ಲ. ಗ್ಲೌಸ್ ಥರದ ರಕ್ಷಣೆ, ತರಬೇತಿ, ಚುಚ್ಚಿದರೆ ತಡೆ ಮಾತ್ರೆ, ಇವನ್ನು ಸಿಬ್ಬಂದಿಗೆ ಒದಗಿಸುವುದು ಆಸ್ಪತ್ರೆಯ ಜವಾಬ್ದಾರಿ. ಗ್ಲೌಸ್ ಡಬ್ಬಿ ಖಾಲಿಯಾಗಿದ್ದರೆ ಜಗಳ ಆಡಬೇಕಾದದ್ದು ಮ್ಯಾನೇಜ್‌ಮೆಂಟ್ ಜೊತೆ.

ಪ್ರಶ್ನೆ: ನಮ್ಮದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆ. ಜೂನ್‌ನಲ್ಲಿ ಪ್ರೈಡ್ ತಿಂಗಳ (ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ತಿಂಗಳು) ಅಂಗವಾಗಿ ನಮ್ಮ ಡಾಕ್ಟರುಗಳಿಗೆ ಒಂದು ಗಂಟೆಯ ಅರಿವು ಕಾರ್ಯಕ್ರಮ ಇಡಬೇಕೆಂದಿದ್ದೇವೆ. ಒಬ್ಬ ಟ್ರಾನ್ಸ್ ಅತಿಥಿಯನ್ನು ಕರೆಸಿ ಅವರ ಜೀವನದ ಕಥೆ ಹೇಳಿಸುವ ಯೋಚನೆ ಇದೆ. ಸಲಹೆ ಕೊಡಿ. (ಎಚ್‌ಆರ್ ವಿಭಾಗ, ವೈಟ್‌ಫೀಲ್ಡ್)

ಉತ್ತರ: ಒಂದು ಗಂಟೆ, ಡಾಕ್ಟರುಗಳಿಗೆ ಮಾತ್ರ, ಕೊನೆಯಲ್ಲಿ ಕಾಮನಬಿಲ್ಲಿನ ಕೇಕ್ ಮತ್ತು ಗ್ರೂಪ್ ಫೋಟೊ. ಸರಿಯಾಗಿ ಊಹಿಸಿದೆನಾ? ಮಾಡಲೇಬೇಕು ಅಂದರೆ ಮಾಡಿ, ಆದರೆ ಅದನ್ನು ತರಬೇತಿ ಅಂತ ಕರೆಯಬೇಡಿ.

ನಿಮ್ಮ ಆಸ್ಪತ್ರೆಗೆ ಬರುವ ರೋಗಿ ಡಾಕ್ಟರನ್ನು ಎಷ್ಟು ಹೊತ್ತು ನೋಡುತ್ತಾರೆ? ಐದು ನಿಮಿಷ, ಹತ್ತು ನಿಮಿಷ. ಅದಕ್ಕೂ ಮುಂಚೆ ಗೇಟಿನ ಸೆಕ್ಯುರಿಟಿ "ಏಯ್, ಭಿಕ್ಷೆ ಎಲ್ಲ ಇಲ್ಲಿ ಬೇಡ, ಆ ಕಡೆ ಹೋಗು" ಅಂದಿರುತ್ತಾರೆ. ರಿಸೆಪ್ಷನ್ನಿನ ಹುಡುಗಿ ಪಕ್ಕದವಳನ್ನು ತಿವಿದು ನಕ್ಕಿರುತ್ತಾಳೆ. ಟಾಯ್ಲೆಟ್ ಯಾವುದು ಅಂತ ಕೇಳಿದರೆ ಹೌಸ್‌ಕೀಪಿಂಗ್ ಅಮ್ಮ ತಬ್ಬಿಬ್ಬಾಗಿ ನಿಂತಿರುತ್ತಾರೆ. ಡಾಕ್ಟರ್ ರೂಮಿನ ಬಾಗಿಲು ತೆರೆಯುವ ಹೊತ್ತಿಗೆ ಬಿಪಿ ಏರಿರುತ್ತದೆ, ಅದಕ್ಕೆ ಡಾಕ್ಟರು ಮಾತ್ರೆ ಬರೆಯುತ್ತಾರೆ! ಹಾಗಾಗಿ ನನ್ನ ಮೊದಲ ಸಲಹೆ, ಶುರು ಮಾಡುವುದನ್ನು ಗೇಟಿನಿಂದ ಮಾಡಿ. ಸೆಕ್ಯುರಿಟಿ, ಟೋಕನ್ ಕೌಂಟರ್, ಬಿಲ್ಲಿಂಗ್, ವಾರ್ಡ್ ಬಾಯ್, ಆಯಾ, ಆಮೇಲೆ ನರ್ಸು, ಲ್ಯಾಬು, ಕೊನೆಗೆ ಡಾಕ್ಟರು. ಗುತ್ತಿಗೆಯವರು ಮೂರು ತಿಂಗಳಿಗೆ ಬದಲಾಗುತ್ತಾರೆ ಅಂತ ನೆವ ಹೇಳಬೇಡಿ. ಬದಲಾಗುತ್ತಾರಾದ್ದರಿಂದಲೇ ಕೆಲಸಕ್ಕೆ ಸೇರಿದ ಮೊದಲ ವಾರದ ಪಾಠದಲ್ಲೇ ಇದೂ ಇರಬೇಕು, ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನುವುದರ ಜೊತೆಗೆ.

ಎರಡನೆಯದು, ಯಾರ ಮನಸ್ಸನ್ನೂ ಒಂದು ಮಧ್ಯಾಹ್ನದಲ್ಲಿ ಬದಲಾಯಿಸಲು ಹೋಗಬೇಡಿ. ಆಗುವುದಿಲ್ಲ. ಮನೆಯಲ್ಲಿ ಕಲಿತದ್ದು, ಗುಡಿ ಮಸೀದಿ ಚರ್ಚಿನಲ್ಲಿ ಕೇಳಿದ್ದು, ಸಿನಿಮಾದಲ್ಲಿ ನೋಡಿ ನಕ್ಕಿದ್ದು, ಎಲ್ಲ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಬದಲಾಯಿಸಬಹುದಾದ್ದು ಕೈ ಮತ್ತು ಬಾಯಿ. ಕೌಂಟರಿನಲ್ಲಿ ಏನು ಕೇಳಬೇಕು, ಏನು ಕೇಳಬಾರದು, ಯಾವ ದನಿಯಲ್ಲಿ ಕೇಳಬೇಕು. ಪರೀಕ್ಷೆ ಮಾಡುವಾಗ ಎಷ್ಟು ಬಟ್ಟೆ ಸರಿಸಬೇಕು, ಕೋಣೆಯಲ್ಲಿ ಎಷ್ಟು ಜನ ಇರಬೇಕು. ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಆಡಿಸಬೇಕು. ಒಬ್ಬರು ರೋಗಿ, ಒಬ್ಬರು ಕ್ಲರ್ಕು, ಉಳಿದವರು ಸಾಲಿನಲ್ಲಿ ನಿಂತ ಜನ. ಮೊದಲ ಸಲ ಎಲ್ಲರೂ ನಗುತ್ತಾರೆ, ನಗಲಿ. ಆಮೇಲೆ ಪಾತ್ರ ಬದಲಿಸಿ, ನಕ್ಕವರನ್ನೇ ರೋಗಿ ಮಾಡಿ ಮತ್ತೆ ಆಡಿಸಿ.

ನನ್ನ ಕ್ಲಾಸಿನಲ್ಲಿ ನಾನು ಕೊಡುವ ಸನ್ನಿವೇಶಗಳು ತೀರಾ ಸಾಮಾನ್ಯದವು. ಕೈ ಮುರಿದುಕೊಂಡು ಬಂದ ಟ್ರಾನ್ಸ್ ಮಹಿಳೆ. ಕೈ ಮುರಿದದ್ದಕ್ಕೂ ಲಿಂಗ ಬದಲಾವಣೆಗೆ ಮಾಡಿಸಿಕೊಳ್ಳುವ ಸೊಂಟದ ಕೆಳಗಿನ ಆಪರೇಷನ್ನಿಗೂ ಸಂಬಂಧ ಇಲ್ಲ, ಆದರೂ "ಆಪರೇಷನ್ ಆಗಿದೆಯಾ?" ಅಂತ ಕೇಳುವ ಆಸೆ ತಡೆದುಕೊಳ್ಳಲು ಎಷ್ಟು ಕಷ್ಟ ನೋಡಿ. ಅದೇ ಮೂತ್ರ ಕಟ್ಟಿ ಬಂದಿದ್ದರೆ ಕೇಳಲೇಬೇಕು. ಆಪರೇಷನ್ ಆದವರಲ್ಲಿ ಮೂತ್ರದ ದಾರಿ ಬೇರೆ ಥರ ಇರುತ್ತದೆ, ಕೆಲವರಿಗೆ ಕಿರಿದಾಗಿರುತ್ತದೆ, ಕ್ಯಾಥೆಟರ್ ಹಾಕುವ ಮುಂಚೆ ಅವರನ್ನೇ ಕೇಳಿದರೆ ಗಾಯ ಆಗುವುದು ತಪ್ಪುತ್ತದೆ. ಕೇಳುವ ಮುಂಚೆ ಯಾಕೆ ಕೇಳುತ್ತಿದ್ದೇನೆ ಅಂತ ಒಂದು ಸಾಲು ಹೇಳಬೇಕು. ಅಷ್ಟು ಹೇಳಿದರೆ ಯಾರೂ ಸಿಟ್ಟಾಗುವುದಿಲ್ಲ.

ಇನ್ನು ಡಾಕ್ಟರುಗಳಿಗೆ ಅಂತ ಪ್ರತ್ಯೇಕವಾಗಿ ಇಡುವುದಾದರೆ ವೈದ್ಯಕೀಯ ವಿಷಯವೇ ಇರಲಿ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ತೆಗೆದುಕೊಳ್ಳುವವರ ಕಾಲು ಊದಿದರೆ ರಕ್ತ ಹೆಪ್ಪುಗಟ್ಟಿದೆಯಾ ನೋಡಬೇಕು. ಕೆಳಗಿನ ಆಪರೇಷನ್ ಆದ ಟ್ರಾನ್ಸ್ ಮಹಿಳೆಗೂ ಗಂಡಸರಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ. ಟ್ರಾನ್ಸ್ ಪುರುಷರು ತೆಗೆದುಕೊಳ್ಳುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್‌ನಿಂದ ಹಿಮೋಗ್ಲೋಬಿನ್ ಏರುತ್ತದೆ, ಹೆಂಗಸರ ಮಟ್ಟಕ್ಕೆ ಹೋಲಿಸಿ ಗಾಬರಿ ಆಗಬಾರದು. ನಮ್ಮಲ್ಲಿ ಡಾಕ್ಟರುಗಳಿಗೆ "ಗೌರವ ಕೊಡಿ" ಅಂದರೆ ನಿದ್ದೆ ಬರುತ್ತದೆ, "ಡಯಾಗ್ನೋಸಿಸ್ ತಪ್ಪುತ್ತದೆ" ಅಂದರೆ ಎದ್ದು ಕೂರುತ್ತಾರೆ.

ಅತಿಥಿಯ ವಿಷಯ. ಜೀವನದ ಕಥೆ ಹೇಳಿಸಿ, ಅಳಿಸಿ, ಶಾಲು ಹೊದಿಸಿ ಕಳಿಸಬೇಡಿ. ಸಮುದಾಯದವರನ್ನು ಪಾಠ ಹೇಳುವವರಾಗಿ ಕರೆಯಿರಿ, ಹೊರಗಿನ ಯಾವ ಟ್ರೇನರ್‌ಗೆ ಎಷ್ಟು ಕೊಡುತ್ತೀರೋ ಅಷ್ಟೇ ಸಂಭಾವನೆ ಕೊಡಿ. ಬೆಂಗಳೂರಿನಲ್ಲಿ ಇದಕ್ಕೆ ಜನ ಇಲ್ಲ ಅನ್ನುವ ಹಾಗೇ ಇಲ್ಲ. 1999ರಿಂದ ಇರುವ "ಸಂಗಮ", ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರ "ಒಂದೆಡೆ", ಹೀಗೆ ಎಷ್ಟೋ ಸಂಸ್ಥೆಗಳು ಇಲ್ಲೇ ಬೆಳೆದಿವೆ. ಮಂಗಳಮುಖಿಯರು, ಜೋಗತಿಯರು, ಗೇ ಹುಡುಗರು, ಟ್ರಾನ್ಸ್ ಪುರುಷರು, ಲೆಸ್ಬಿಯನ್ ಹೆಂಗಸರು, ಇವರ ಕಷ್ಟ ಒಂದೇ ಥರ ಅಲ್ಲ. ಒಬ್ಬರನ್ನೇ ಕೂರಿಸಿ ಎಲ್ಲರ ಪರವಾಗಿ ಮಾತಾಡಿಸುವುದು ಅವರಿಗೂ ಹಿಂಸೆ.

ತರಬೇತಿ ಆದ ಮೇಲೆ ಏನು ಉಳಿಯುತ್ತದೆ ಅನ್ನುವುದು ಮುಖ್ಯ. ಫಾರ್ಮಿನಲ್ಲಿ ಗಂಡು, ಹೆಣ್ಣು ಎರಡೇ ಚೌಕ ಇದ್ದು ಸಿಬ್ಬಂದಿಗೆ ಮಾತ್ರ ಪಾಠ ಮಾಡಿದರೆ ನಾಳೆ ಅದೇ ಕಥೆ. ಫಾರ್ಮ್ ಬದಲಿಸಿ. ಯಾರು ಬೇಕಾದರೂ ಹೋಗಬಹುದಾದ ಒಂದು ಟಾಯ್ಲೆಟ್ ಗೊತ್ತು ಮಾಡಿ. ದೂರು ಕೊಡುವುದು ಯಾರ ಹತ್ತಿರ ಅಂತ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಆಗಲೇ ಹೇಳಿದ ಎಚ್‌ಐವಿ ಕಾಯ್ದೆ ಪ್ರಕಾರ 20 ಅಥವಾ ಹೆಚ್ಚು ಜನ ಇರುವ ಆರೋಗ್ಯ ಸಂಸ್ಥೆ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. ನಿಮ್ಮಲ್ಲಿ ಅವರು ಯಾರು? ನಿಮಗೆ ಗೊತ್ತಿದೆಯಾ? ಕೆಲವು ತಿಂಗಳ ನಂತರ ಸಮುದಾಯದ ಒಬ್ಬರನ್ನು ಸಾಮಾನ್ಯ ರೋಗಿಯ ಹಾಗೆ, ಮುಂಚೆಯೇ ಒಪ್ಪಿಸಿ, ಓಪಿಡಿಗೆ ಕಳಿಸಿ ನೋಡಿ. ಗೇಟಿನಿಂದ ಫಾರ್ಮಸಿವರೆಗೆ ಏನಾಯಿತು ಅಂತ ಅವರು ಬರೆದುಕೊಡಲಿ.

ಮೇಲಿನವರು "ಯಾಕೆ ಇಷ್ಟೆಲ್ಲ" ಅಂದರೆ, ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಬರೆದ ಪತ್ರದ ವಿಷಯ ಹೇಳಿ. ಬೇರೆ ಬೇರೆ ಹಂತದ ಸಿಬ್ಬಂದಿಗೆ ಈ ಬಗ್ಗೆ ತರಬೇತಿ ಕೊಡಿ ಎಂಬುದು ಅದರಲ್ಲೇ ಇದೆ.

ಪ್ರಶ್ನೆ: ನಾನು ಎಂಬಿಬಿಎಸ್ ವಿದ್ಯಾರ್ಥಿನಿ. ನಮ್ಮ ಒಬ್ಬ ಪ್ರೊಫೆಸರ್ ಕ್ಲಾಸಿನಲ್ಲೇ ಸಲಿಂಗ ಪ್ರೇಮ ಮನೋರೋಗ, ಕೌನ್ಸೆಲಿಂಗ್ ಮಾಡಿದರೆ ಸರಿಹೋಗುತ್ತದೆ ಅಂದರು. ಹಳೆಯ ಪುಸ್ತಕವೊಂದರಲ್ಲೂ ಹಾಗೇ ಇದೆ. ಎದ್ದು ಕೇಳಲು ಧೈರ್ಯ ಬರಲಿಲ್ಲ. (ಬೆಂಗಳೂರು)

ಉತ್ತರ: ಎದ್ದು ಕೇಳದಿದ್ದರೂ ಪರವಾಗಿಲ್ಲ ಮಗಳೇ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ ಅಂತ ನನಗೂ ಗೊತ್ತು. ಆದರೆ ಪರೀಕ್ಷೆಗೆ, ನಾಳೆ ರೋಗಿಗೆ, ಸರಿಯಾದ್ದು ನಿನಗೆ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ನಿನ್ನ ಪ್ರೊಫೆಸರ್ ಓದುವಾಗಲೋ ಅದಕ್ಕೂ ಮುಂಚೆಯೋ ಇರಬಹುದು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ರೋಗವಲ್ಲ ಅಂತ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ಇರುವ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟಿತು.

"ಸರಿಮಾಡುವ" ಚಿಕಿತ್ಸೆಯ ಕಥೆಯೂ ಮುಗಿದಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು 2021ರ ಜೂನ್‌ನಲ್ಲಿ ಇಂಥ ಚಿಕಿತ್ಸೆ ಬೇಡ ಅಂತ ಕೊಟ್ಟ ಆದೇಶದ ಹಿಂದೆಯೇ, ವೈದ್ಯ ಶಿಕ್ಷಣ ನೋಡಿಕೊಳ್ಳುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಗಳಲ್ಲಿ ಇವರ ಬಗ್ಗೆ ಹೀನಾಯವಾಗಿ ಬರೆಯಬೇಡಿ ಅಂತ ಸೂಚನೆ ಕೊಟ್ಟಿತು. 2022ರಲ್ಲಿ ಇಂಥ ಚಿಕಿತ್ಸೆ ಮಾಡುವುದು ವೃತ್ತಿ ದುರ್ನಡತೆ ಅಂತಲೇ ಹೇಳಿತು. ತಮಾಷೆ ಅಂದರೆ 2024ರ ಆಗಸ್ಟ್‌ನಲ್ಲಿ ಅದೇ ಆಯೋಗದ ಹೊಸ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧ ಮತ್ತೆ ಲೈಂಗಿಕ ಅಪರಾಧಗಳ ಸಾಲಿಗೆ ಬಂದು ಕೂತಿತ್ತು! ದೊಡ್ಡ ಗಲಾಟೆ ಆಯಿತು, ಸೆಪ್ಟೆಂಬರ್‌ನಲ್ಲಿ ವಾಪಸ್ ತೆಗೆದುಕೊಂಡರು. ದೆಹಲಿಯಲ್ಲಿ ಕೂತವರೇ ಹೀಗೆ ಹಿಂದೆ ಮುಂದೆ ಹೋಗುವಾಗ ಲೈಬ್ರರಿಯ ಹಳೇ ಪುಸ್ತಕ ಬದಲಾಗಲು ಇನ್ನೂ ಸ್ವಲ್ಪ ಕಾಲ ಬೇಕು ಬಿಡು.

ಮನೆಯವರು ಮಗನನ್ನೋ ಮಗಳನ್ನೋ ಕರೆತಂದು "ಇದನ್ನ ಬಿಡಿಸಿ ಡಾಕ್ಟ್ರೇ" ಅಂದರೆ ಏನು ಮಾಡಬೇಕು ಅಂತ ಮುಂದೆ ನೀನೇ ಕೇಳುತ್ತೀಯ. ಮಕ್ಕಳನ್ನು ಒಬ್ಬರೇ ಕೂರಿಸಿ ಮಾತಾಡು, ನಿದ್ದೆ, ಊಟ, ಸಾಯುವ ಯೋಚನೆ ಬಗ್ಗೆ ಕೇಳು. ತಂದೆ ತಾಯಿಗೆ ಬೇರೆಯಾಗಿ ಸಮಯ ಕೊಡು. ಅವರ ಕಣ್ಣೀರೂ ನಿಜವೇ. ಯಾರಿಗಾದರೂ ರಾತ್ರಿ ಹೊತ್ತು ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮಂಥ ವಯಸ್ಸಾದವರಿಗೇ ಯಾರೂ ಗೌರವ ಕೊಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಸಾಲಿನಲ್ಲಿ ನಿಂತರೂ "ಹೋಗ್ರಿ, ಬರ್‍ರಿ" ಅಂತ ಗದರುತ್ತಾರೆ. ಈ ಕೆಲವೇ ಜನರಿಗೆ ಯಾಕಮ್ಮ ಸ್ಪೆಷಲ್ ತರಬೇತಿ? (ನಿವೃತ್ತ ಶಿಕ್ಷಕರು, ಚಾಮರಾಜಪೇಟೆ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು ಮೇಷ್ಟ್ರೇ. ಆದರೆ ನಿಮ್ಮನ್ನು ಗದರಿದವರು ಕೊನೆಗೆ ಚೀಟಿ ಕೊಟ್ಟರು ಅಲ್ವಾ? ಇವರಿಗೆ ಚೀಟಿ ಸಿಗುವ ಮುಂಚೆಯೇ ಸಾಲಿನವರು ನಕ್ಕಿರುತ್ತಾರೆ, ಗಂಡಸರ ಸಾಲೋ ಹೆಂಗಸರ ಸಾಲೋ ಅಂತ ಎರಡೂ ಕಡೆಯಿಂದ ತಳ್ಳಿರುತ್ತಾರೆ. ಟೋಕನ್ ನಂಬರ್ ಕೂಗುವುದು, ಸ್ಕ್ರೀನ್ ಎಳೆಯುವುದು, ಮುಟ್ಟುವ ಮುಂಚೆ ಹೇಳುವುದು, ಇವನ್ನೆಲ್ಲ ಕಲಿತ ನರ್ಸು ನಿಮ್ಮ ಯಜಮಾನಿಯವರಿಗೆ ಇಸಿಜಿ ಮಾಡುವಾಗಲೂ ಹಾಗೇ ಮಾಡುತ್ತಾಳೆ.

ಪ್ರಶ್ನೆ: ನಾನು ಗೇ. ಊರು ಹಾಸನ ಕಡೆ, ಇಲ್ಲಿ ಪಿಜಿಯಲ್ಲಿದ್ದೇನೆ. ಗುದದ ಹತ್ತಿರ ಗಂಟು ಥರ ಆಗಿ ಒಬ್ಬ ಡಾಕ್ಟರ್ ಹತ್ತಿರ ಹೋದೆ. ನೋಡದೆಯೇ ಪೈಲ್ಸ್ ಅಂತ ಮುಲಾಮು ಬರೆದರು. "ಮದುವೆ ಆಗಿದೆಯಾ? ಬೇಗ ಆಗಿ" ಅಂದರು. ವಾಸಿ ಆಗಲಿಲ್ಲ. ಡಾಕ್ಟರಿಗೆ ಎಲ್ಲ ಹೇಳಲೇಬೇಕಾ? ಊರಿಗೆ ಗೊತ್ತಾದರೆ? (ಬಿಟಿಎಂ ಲೇಔಟ್)

ಉತ್ತರ: ಎಲ್ಲ ಡಾಕ್ಟರಿಗೂ ಎಲ್ಲ ಹೇಳಬೇಕಾಗಿಲ್ಲ. ಹಲ್ಲು ನೋವಿಗೆ ಹೋದಾಗ ಬೇಕಿಲ್ಲ. ಈ ತೊಂದರೆಗೆ ಮಾತ್ರ ಹೇಳಿದರೆ ನಿಮಗೇ ಒಳ್ಳೆಯದು. ಗಂಟು ಪೈಲ್ಸೇ ಇರಬಹುದು, ಎಚ್‌ಪಿವಿ ವೈರಸ್ಸಿನ ಗಂಟೂ ಇರಬಹುದು, ಸಿಫಿಲಿಸ್ ಎಂಬ ಲೈಂಗಿಕ ಸೋಂಕು ಕೂಡ ಇರಬಹುದು. ಮೂರಕ್ಕೂ ಔಷಧಿ ಬೇರೆ ಬೇರೆ. ಒಂದೇ ವಾಕ್ಯ ಸಾಕು: "ಡಾಕ್ಟ್ರೇ, ನಾನು ಗಂಡಸರ ಜೊತೆ ಸಂಬಂಧ ಇಟ್ಕೊಂಡಿದ್ದೀನಿ, ಅದಕ್ಕೆ ತಕ್ಕ ಹಾಗೆ ನೋಡಿ." ಹೇಳಲು ಬಾಯಿ ಬರದಿದ್ದರೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ಇಂಥ ತೊಂದರೆಗಳಿಗೇ ಇರುವುದು, ಖರ್ಚಿಲ್ಲ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿಸಿಕೊಳ್ಳಿ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದೂ ಉಚಿತ. ನಿಮಗೆ 18 ದಾಟಿದ್ದರೆ ಡಾಕ್ಟರು ಮನೆಯವರಿಗೆ ಹೇಳುವ ಹಾಗಿಲ್ಲ.

ಇದನ್ನು ಓದುತ್ತಿರುವ ಡಾಕ್ಟರುಗಳಿಗೆ, ನರ್ಸುಗಳಿಗೆ ಒಂದು ಮಾತು. "ಮದುವೆ ಆಗಿದೆಯಾ?" ಅನ್ನುವುದು ಲೈಂಗಿಕ ಇತಿಹಾಸ ಕೇಳುವ ಪ್ರಶ್ನೆಯೇ ಅಲ್ಲ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. "ಎಲ್ಲರನ್ನೂ ಕೇಳುವ ಪ್ರಶ್ನೆ ಇದು, ಚಿಕಿತ್ಸೆಗೆ ಬೇಕು" ಅಂತ ಹೇಳಿ. ಆಮೇಲೆ, "ಯಾರ ಜೊತೆಗಾದರೂ ಸಂಬಂಧ ಇದೆಯಾ? ಗಂಡಸರ ಜೊತೆಯಾ, ಹೆಂಗಸರ ಜೊತೆಯಾ, ಇಬ್ಬರ ಜೊತೆಯೂನಾ?" ಇಷ್ಟನ್ನು ಹುಬ್ಬು ಏರಿಸದೆ ಕೇಳುವುದು ಅಭ್ಯಾಸದಿಂದ ಬರುತ್ತದೆ. ಕನ್ನಡಿ ಮುಂದೆ ನಿಂತು ಮಾಡಿ ನೋಡಿ, ನನ್ನ ವಿದ್ಯಾರ್ಥಿಗಳಿಗೆ ಹಾಗೇ ಮಾಡಿಸುತ್ತೇನೆ. ಪರೀಕ್ಷೆ ಮಾಡಲೇಬೇಕಾದರೆ ಒಪ್ಪಿಗೆ ಕೇಳಿ, ಮಾಡಿ, ಬೋಧನೆ ಬೇಡ.

ಪ್ರಶ್ನೆ: ನಾವಿಬ್ಬರು ಹೆಂಗಸರು, ಬಹಳ ವರ್ಷದಿಂದ ಒಟ್ಟಿಗೆ ಇದ್ದೇವೆ. ನನ್ನ ಸಂಗಾತಿಗೆ ಗರ್ಭಕೋಶದ ಆಪರೇಷನ್ ಆಗಬೇಕು. ಆಸ್ಪತ್ರೆಯವರು ಗಂಡನೋ ಅಣ್ಣನೋ ಸಹಿ ಹಾಕಲಿ ಅನ್ನುತ್ತಾರೆ. ಅವಳ ಮನೆಯವರು ನಮ್ಮ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಯಿತು. (ವಿಜಯನಗರ)

ಉತ್ತರ: ಅವರು ವಯಸ್ಕರು, ಎಚ್ಚರದಲ್ಲಿದ್ದಾರೆ. ಅವರ ಆಪರೇಷನ್ನಿಗೆ ಅವರದೇ ಸಹಿ. ಗಂಡನ ಸಹಿ, ಅಣ್ಣನ ಸಹಿ ಆಸ್ಪತ್ರೆಗಳ ರೂಢಿ, ನಾಳೆ ಜಗಳ ಆಗಬಾರದು, ಬಿಲ್ಲಿಗೆ ಯಾರಾದರೂ ಸಿಗಬೇಕು ಅನ್ನುವ ಕಾರಣಕ್ಕೆ. ಅಡ್ಮಿಷನ್ನಿಗೆ ಮುಂಚೆಯೇ ಸರ್ಜನ್ನರನ್ನು ಇಬ್ಬರೂ ಒಟ್ಟಿಗೆ ನೋಡಿ. "ಏನೇ ಇದ್ದರೂ ಇವರಿಗೆ ತಿಳಿಸಿ, ನನಗೆ ಎಚ್ಚರ ಇಲ್ಲದಾಗ ಇವರ ಜೊತೆ ಮಾತಾಡಿ" ಅಂತ ಅವರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ, ಕೇಸ್ ಶೀಟಿಗೆ ಸೇರಿಸಲು ಹೇಳಿ, ಒಂದು ಪ್ರತಿ ನಿಮ್ಮ ಬ್ಯಾಗಿನಲ್ಲಿರಲಿ. ಅಟೆಂಡರ್ ಪಾಸ್ ನಿಮ್ಮ ಹೆಸರಿನಲ್ಲೇ ಮಾಡಿಸಿ. ಸಂಬಂಧ ಏನು ಅನ್ನುವ ಜಾಗದಲ್ಲಿ ಸಂಗಾತಿ ಅಂತಲೋ ಸ್ನೇಹಿತೆ ಅಂತಲೋ, ನಿಮಗೆ ಯಾವುದು ಹಿತವೋ ಅದನ್ನು ಬರೆಯಿರಿ.

ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಮಾತ್ರ ಇದಕ್ಕೆ ಸ್ಪಷ್ಟ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪ್ರತಿನಿಧಿಯಾಗಿ ಯಾರನ್ನು ಬೇಕಾದರೂ ನೇಮಿಸಬಹುದು, ರಕ್ತ ಸಂಬಂಧ ಬೇಕಿಲ್ಲ. ಕೆಟ್ಟದ್ದು ಬೇಡ, ಆದರೂ ಗೊತ್ತಿರಲಿ: ಆಗಲೇ ಹೇಳಿದ 2024ರ ಆಗಸ್ಟ್ ಪತ್ರದಲ್ಲಿ, ಹತ್ತಿರದ ಸಂಬಂಧಿಕರು ಇಲ್ಲದಾಗ ದೇಹವನ್ನು ಸಂಗಾತಿ ಪಡೆಯುವಂತೆ ವ್ಯವಸ್ಥೆ ಮಾಡಿ ಎಂಬುದೂ ಇದೆ. ಸಹಿಯ ಬಗ್ಗೆ ಕೌಂಟರಿನವರು ಹಟ ಮಾಡಿದರೆ ಅವರ ಜೊತೆ ವಾದ ಬೇಡ. ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ, "ರೋಗಿಯ ಸಹಿ ಸಾಲದು ಅನ್ನುವ ನಿಯಮ ಎಲ್ಲಿದೆ, ಬರೆದುಕೊಡಿ" ಅಂತ ಕೇಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ನಿಯಮಗಳು ಮಾಯವಾಗುತ್ತವೆ.

ಪ್ರಶ್ನೆ: ನಾನು ಟ್ರಾನ್ಸ್ ಪುರುಷ, ಹುಟ್ಟಿದ್ದು ಹೆಣ್ಣಾಗಿ, ಈಗ ಗಡ್ಡ ಮೀಸೆ ಇದೆ. ಹೊಟ್ಟೆ ನೋವಿಗೆ ಗರ್ಭಕೋಶದ ಸ್ಕ್ಯಾನ್ ಬರೆದರು. ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರ್ ಗಂಡಸಿಗೆ ಆ ಬಿಲ್ಲೇ ಮಾಡುವುದಿಲ್ಲ. ಹೆಂಗಸರ ಬೆಂಚಿನಲ್ಲಿ ಕೂರಲು ಮುಜುಗರ. ಬಿಟ್ಟೇಬಿಡೋಣ ಅನಿಸಿದೆ. (ಕೆಂಗೇರಿ)

ಉತ್ತರ: ಬಿಡಬೇಡಿ. ಗರ್ಭಕೋಶ ಇರುವವರೆಗೆ ಅದರ ತೊಂದರೆಗಳೂ ಇರುತ್ತವೆ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಬೇಕು. ಟೆಸ್ಟೋಸ್ಟಿರಾನ್ ತೆಗೆದುಕೊಂಡು ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು, ಅದಕ್ಕೇ ಹೊಟ್ಟೆ ನೋವು ಅಂದಾಗ ಡಾಕ್ಟರು ಅದನ್ನೂ ಕೇಳಿದರೆ ಸಿಟ್ಟಾಗಬೇಡಿ. ಬರೆದ ಡಾಕ್ಟರಿಗೇ ಫೋನ್ ಮಾಡಿ, ಸ್ಕ್ಯಾನಿಂಗ್ ಸೆಂಟರಿಗೆ ಅವರಿಂದಲೇ ಒಂದು ಮಾತು ಹೇಳಿಸಿ. ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಬೆಂಚು ಖಾಲಿ ಇರುತ್ತದೆ. ಬಿಲ್ಲನ್ನು "ಹೊಟ್ಟೆಯ ಕೆಳಭಾಗದ ಸ್ಕ್ಯಾನ್" ಅಂತ ಮಾಡಿದರೆ ಬಹಳ ಕಡೆ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಒಳಗಿನಿಂದ ಮಾಡುವ ಸ್ಕ್ಯಾನ್ ಬೇಡ ಅನಿಸಿದರೆ ನೀರು ಕುಡಿದು ಮೂತ್ರ ತುಂಬಿಸಿಕೊಂಡು ಹೊಟ್ಟೆಯ ಮೇಲಿನಿಂದಲೇ ಮಾಡಲು ಆಗುತ್ತದಾ ಅಂತ ಕೇಳಬಹುದು, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನೋವು ಜೋರಾದರೆ, ರಕ್ತ ಹೋದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.